ಒಂದೇ ಸಲ ಹೇಳುವ ದೊರೆಗಳ ಸನ್ನಿಧಿಗೆ

ಶಿರ್ವ, ಜುಲೈ ೧೯೮೩

ಇಂಗ್ಲಿಷ್ ಪರೀಕ್ಷೆಯ ಅಭ್ಯಾಸದ ಕ್ಯಾಸೆಟ್ಟಿನೊಳಗೆ ವಾಸವಾಗಿರುವ, ಹೆಸರು ತಿಳಿಯದ ಮಾನ್ಯ ದೊರೆಗಳೇ,

ತಮ್ಮ ಗಂಟಲು ಶೀತ ಕೆಮ್ಮಿನ ಬಾಧೆಯಿಲ್ಲದೆ ಕ್ಷೇಮವಾಗಿದೆ ಎಂದು ನಂಬಿ, ಆರು ತಿಂಗಳಿನಿಂದ ಬೆಳಿಗ್ಗೆ ಸಂಜೆ ತಮ್ಮ ಸ್ವರಕ್ಕೆ ಕಿವಿಕೊಟ್ಟ ಹೈಸ್ಕೂಲು ವಿದ್ಯಾರ್ಥಿಯಾದ ನಾನು ಅತ್ಯಂತ ವಿನಯದಿಂದ ಈ ದೂರನ್ನು ಸಲ್ಲಿಸುತ್ತಿದ್ದೇನೆ.

ಇಂಗ್ಲೆಂಡಿನ ಶಾಲೆಯೊಂದು ನನಗೆ ಎರಡು ವರ್ಷ ಓದಲು ಸೀಟು ಕೊಡುತ್ತೇನೆಂದಿತ್ತು, ಆದರೆ ಮಣಿಪಾಲದಲ್ಲಿ ನಡೆಯುವ ಇಂಗ್ಲಿಷ್ ಪರೀಕ್ಷೆ ಪಾಸಾದರೆ ಮಾತ್ರ. ಓದುವುದು ಬರೆಯುವುದು ನನಗೆ ಸಲೀಸು. ಕೇಳಿ ಉತ್ತರಿಸುವ ಭಾಗದಲ್ಲಿ ಫೆಬ್ರವರಿಯಲ್ಲಿ ಫೇಲಾದೆ, ಜೂನಿನಲ್ಲಿ ಕೊನೆಯ ಅವಕಾಶವಿತ್ತು. ಫೇಲಾಗಲು ಕಾರಣ ತಾವೇ. ರೈಲಿನ ಹೊತ್ತು, ಹೋಟೆಲಿನ ರೂಮು, ಕಳೆದುಹೋದ ಕೊಡೆ, ಏನೇ ಇರಲಿ, 'ಇದನ್ನು ಒಂದೇ ಸಲ ಹೇಳಲಾಗುವುದು' ಎಂದು ಹೆದರಿಸಿ, ಹೇಳಿದ ಹಾಗೆಯೇ ನಡೆದುಕೊಂಡು ಮುಂದಕ್ಕೆ ಹೋಗುತ್ತೀರಿ.

ಮಾರಾಯರೇ, ನಮ್ಮ ಕಡೆ ಯಾರು ಒಂದೇ ಸಲ ಹೇಳುತ್ತಾರೆ? ಬಸ್ಸಿನ ಕಂಡಕ್ಟರು ಕಾರ್ಕಳ, ಕಾರ್ಕಳ, ಕಾರ್ಕಳ ಎಂದು ಮೂರು ಸಲ ಕೂಗಿದ ಮೇಲೆಯೂ ಈ ಬಸ್ಸು ಕಾರ್ಕಳಕ್ಕಾ ಎಂದು ನಾಲ್ಕು ಜನ ಕೇಳುವುದುಂಟು. ನಮ್ಮ ಇಗರ್ಜಿಯಲ್ಲಿ ಪಾದ್ರಿಗಳು ಒಂದು ಮದುವೆಯ ಸುದ್ದಿಯನ್ನು ಮೂರು ಆದಿತ್ಯವಾರ ಓದುತ್ತಾರೆ. ಊಟಕ್ಕೆ ಕರೆದವರಿಗೆ ಎರಡು ಸಲ ಬೇಡವೆಂದು ಮೂರನೆಯ ಸಲ ಎಲೆಯ ಮುಂದೆ ಕೂರುವುದು ಇಲ್ಲಿಯ ಮರ್ಯಾದೆ. ನಮ್ಮ ಅಮ್ಮ ಬರ್ತಾಬಾಯಿಯವರಂತೂ ತಮ್ಮ ಸ್ವರ ಕೇಳಿ, ಪಾಪ, ಈ ಜನಕ್ಕೆ ಎಂತ ಅವಸರ, ಬಸ್ಸಿಗೆ ಹೊತ್ತಾಯಿತಾ ಎಂದು ಮರುಗಿದರು.

ತಮ್ಮ ಶಿಸ್ತು ಕಲಿಯಲೆಂದು, ಇನ್ನು ನನಗೆ ಏನನ್ನೂ ಒಂದೇ ಸಲ ಹೇಳಬೇಕೆಂದು ಅಮ್ಮನಲ್ಲಿ ಬೇಡಿಕೊಂಡೆ. ಅವರು ಗಂಜಿಗೆ ಬಾ ಎಂದು ಒಮ್ಮೆ ಕರೆದು, ಕೂಡಲೇ ಸೆರಗಿನಿಂದ ಬಾಯಿ ಮುಚ್ಚಿಕೊಂಡು, ತಡೆಯಲಾರದೆ ತಂಗಿಯನ್ನು ಕಳುಹಿಸಿ ಎರಡನೆಯ ಸಲ ಕರೆಸಿ, ಆಮೇಲೆ ಬಟ್ಟಲನ್ನು ಟಣಟಣ ಬಡಿದು ಮೂರನೆಯದನ್ನೂ ಪೂರೈಸುತ್ತಿದ್ದರು. ಇಂಥ ಮನೆಯಿಂದ ನಾನು ಪರೀಕ್ಷೆಗೆ ಹೊರಟೆ ಎಂಬುದನ್ನು ತಾವು ಗಮನಿಸಬೇಕು.

ಜೂನಿನ ಪರೀಕ್ಷೆಯಲ್ಲಿ ಏಳನೆಯ ಪ್ರಶ್ನೆ ಮುಗಿಯುವಾಗ ಕರೆಂಟು ಹೋಯಿತು. ಬಂದ ಮೇಲೆ ಮೇಲ್ವಿಚಾರಕರಾದ ಕೃಷ್ಣರಾಜ ಮಾಸ್ತರರು, ಎಷ್ಟಾದರೂ ನಮ್ಮೂರಿನವರು, ಮಕ್ಕಳಿಗೆ ಪಾಪ ಎಂದು ಕ್ಯಾಸೆಟ್ಟನ್ನು ಮೊದಲಿನಿಂದ ಹಾಕಿದರು. ಅಂತೂ ತಮ್ಮನ್ನು ಎರಡು ಸಲ ಮಾತಾಡಿಸಿದೆವಲ್ಲ ಎಂದು ನಾನು ಹಿಗ್ಗಿದ್ದೇ ಹಿಗ್ಗಿದ್ದು. ದುರದೃಷ್ಟವೆಂದರೆ ಮೊದಲ ಸಲವೇ ಏಳಕ್ಕೆ ಏಳು ಉತ್ತರವನ್ನೂ ಸರಿಯಾಗಿ ಬರೆದಿದ್ದೆ. ಎರಡನೆಯ ಸಲ ಕೇಳಿ ಅನುಮಾನ ಹುಟ್ಟಿ ಎರಡನ್ನು ತಪ್ಪಾಗಿ ತಿದ್ದಿದೆ. ಕೂದಲೆಳೆಯಲ್ಲಿ ಪಾಸು. ಖುಷಿಗೆ ಬಸ್‌ಸ್ಟ್ಯಾಂಡಿನಲ್ಲೇ ಕುಣಿದೆ, ಸುಳ್ಳು ಯಾಕೆ ಹೇಳಲಿ!

ಆದರೆ ತಾವು ಮಾಡಿದ ಉಪಕಾರದ ಫಲ ನೋಡಿ. ಮೊನ್ನೆ ನೆರೆಮನೆಯ ಗುಣವತಿಯಕ್ಕ ಬಾಯುಪಚಾರಕ್ಕೆ ಊಟ ಮಾಡಿ ಹೋಗು ಎಂದರೆ, ಮೊದಲ ಸಲಕ್ಕೇ ಹೂಂ ಎಂದು ಕೂತುಬಿಟ್ಟೆ. ಅವರು ಪುನಃ ಅಕ್ಕಿ ತೊಳೆಯಬೇಕಾಯಿತು. ಬರ್ತಾಬಾಯಿಯ ಮಗನನ್ನು ಮನೆಯಲ್ಲಿ ಉಪವಾಸ ಹಾಕುತ್ತಾರೆಂಬ ಸುದ್ದಿ ಈಗ ಇಡೀ ಶಿರ್ವದಲ್ಲಿ ಉಂಟು.

ಆದಕಾರಣ ತಾವು ದಯಮಾಡಿ ಕ್ಯಾಸೆಟ್ಟಿನಿಂದ ಇಳಿದು, ಹದಿನೈದು ದಿನ ನಮ್ಮ ಮನೆಯಲ್ಲಿದ್ದು, ಪ್ರತಿ ಮಾತನ್ನೂ ಮೂರು ಸಲ ಹೇಳುವ ಅಭ್ಯಾಸ ಮಾಡಿಕೊಳ್ಳಬೇಕಾಗಿಯೂ, ಅಷ್ಟರತನಕ ತಮ್ಮ ದೇಶದ ರೈಲುಗಳನ್ನೆಲ್ಲ ನಿಂತಲ್ಲೇ ನಿಲ್ಲಿಸಬೇಕಾಗಿಯೂ ಪ್ರಾರ್ಥಿಸುತ್ತೇನೆ.

ಒಂದೇ ಸಲಕ್ಕೆ ಹಾಳಾದ,
ತಮ್ಮ ವಿಶ್ವಾಸಿ
ವಲೇರಿಯನ್

ವಿ.ಸೂ.: ಸೀಟು ಗಟ್ಟಿಯಾದ ಕಾಗದ ಬಂದ ದಿನ ಅಮ್ಮ ಅಕ್ಕಿ ಆರಿಸುತ್ತಾ, ತಲೆ ಎತ್ತದೆ, ಹೋಗಲೇಬೇಕಾ ಪುತಾ ಎಂದು ಕೇಳಿದರು. ಒಂದೇ ಸಲ. ನಾನು ಎಷ್ಟು ಹೊತ್ತು ಕಾದರೂ ಮತ್ತೆ ಕೇಳಲಿಲ್ಲ. ತಮ್ಮ ತರಬೇತಿಯ ದಯೆಯಿಂದ ಒಂದಕ್ಷರವೂ ತಪ್ಪದೆ ಕೇಳಿಸಿತು. ಇದಕ್ಕೆ ಏನು ಉತ್ತರ ಬರೆಯಬೇಕೆಂದು ತಮ್ಮ ಕ್ಯಾಸೆಟ್ಟಿನ ಎರಡೂ ಬದಿ ಹುಡುಕಿದೆ. ತಮಗೆ ಗೊತ್ತಿದ್ದರೆ ತಿಳಿಸತಕ್ಕದ್ದು.