ಲೋಕದ ಕೊನೆಯ ನಿಂಬೆಗಿಡ

ಲೋಕವನ್ನು ಹಾಳುಮಾಡುವುದು ಸುಲಭದ ಕೆಲಸ ಎಂದು ತಿಳಿದವರು ಈ ಚಿತ್ರಗಾರನ ಮನೆಯಲ್ಲಿ ಕೆಲವು ದಿನ ಇದ್ದು ನೋಡಬೇಕು. ಅವನು ಬರೆಯುವುದು ಚಿತ್ರಕಾದಂಬರಿ. ಮಳೆ ನಿಂತು, ನದಿ ಬತ್ತಿ, ಊರುಗಳೆಲ್ಲ ಬೂದಿಯಾದ ಮೇಲೆ ಅಳಿದುಳಿದ ನಾಲ್ಕಾರು ಜನ ಹನಿ ನೀರಿಗಾಗಿ ಅಲೆಯುವ ಕಥೆ. ಎರಡು ಭಾಗ ಅಚ್ಚಾಗಿ ಮೂರನೆಯದು ಮೇಜಿನ ಮೇಲಿತ್ತು. ಅವನದೊಂದು ಭೀಷ್ಮಪ್ರತಿಜ್ಞೆ: ಕಣ್ಣಾರೆ ಕಂಡದ್ದನ್ನಲ್ಲದೆ ಬರೆಯುವುದಿಲ್ಲ.

ಈ ಪ್ರತಿಜ್ಞೆಯ ಫಲ ಉಣ್ಣುತ್ತಿದ್ದವರು ಮನೆಯವರು. ಹಜಾರದ ಗೋಡೆ ಬಿರುಕು ಬಿಟ್ಟಿತ್ತು, ಗಾರೆಯವನನ್ನು ಕರೆಸುವಂತಿರಲಿಲ್ಲ (ಮೊದಲ ಭಾಗ, ಕುಸಿದ ಆಸ್ಪತ್ರೆ). ಅಡುಗೆಮನೆಯ ಕಿಟಕಿಯ ಧೂಳು ಒರೆಸುವಂತಿರಲಿಲ್ಲ (ಎರಡನೆಯ ಭಾಗ, ಬೂದಿಮಳೆ). ಕಾಲು ಮುರಿದ ಕುರ್ಚಿಯ ಮೇಲೆ ಕೂರುವಂತೆಯೂ ಇರಲಿಲ್ಲ, ಅದನ್ನು ಎಸೆಯುವಂತೆಯೂ ಇರಲಿಲ್ಲ. ಹೆಂಡತಿ ಕನ್ನಡಕದಂಗಡಿಯಲ್ಲಿ ದಿನವಿಡೀ ಕಂಡವರ ಕಣ್ಣಿಗೆ ಗಾಜು ಉಜ್ಜಿ ಹೊಂದಿಸಿ, ಸಂಜೆ ಬಂದು ಈ ಕಿಟಕಿಯ ಮುಂದೆ ನಿಲ್ಲುತ್ತಿದ್ದಳು.

“ಲೋಕ ಹಾಳಾದ್ಮೇಲೆ ಹೇಗಿರುತ್ತೆ ಅಂತ ಜನ ದುಡ್ಡು ಕೊಟ್ಟು ಓದ್ತಾರೆ. ನಂಗೆ ಬಿಟ್ಟಿ,” ಎನ್ನುತ್ತಿದ್ದಳು.

ಜೊತೆಯಲ್ಲೇ ಇದ್ದ ಅವಳ ತಾಯಿ ಅಳಿಯನಿಗೆ ‘ಪ್ರಳಯಾಂತಕ’ ಎಂದು ಹೆಸರಿಟ್ಟಿದ್ದರು. ಅದನ್ನು ಪ್ರೀತಿಯಿಂದಲೇ ಇಟ್ಟದ್ದು (ಎಂದು ಅಳಿಯ ನಂಬಿದ್ದ).

ಮೂರನೆಯ ಭಾಗದ ಕೊನೆಯಲ್ಲಿ ಲೋಕದ ಕಟ್ಟಕಡೆಯ ಮರ ಸಾಯಬೇಕು. ಸಾಯುವ ಮರ ಎಲ್ಲಿಯೂ ಸಿಗದೆ, ಪ್ರತಿಜ್ಞೆಯನ್ನು ಒಂದು ಸಲಕ್ಕೆ ಮಾತ್ರ ಪಕ್ಕಕ್ಕಿಟ್ಟು, ಊಹೆಯಿಂದ ಬರೆದು ಕಳಿಸಿದ. ಪ್ರಕಾಶಕರು ಫೋನು ಮಾಡಿದರು.

“ಇದು ಮಡಚಿಟ್ಟ ಕೊಡೆ ಥರ ಇದೆ. ಇದನ್ನ ನೋಡಿ ಓದುಗ ಅಳಬೇಕಾ ನಗಬೇಕಾ? ಈ ಮರ ಸರಿಹೋಗದಿದ್ರೆ ಪುಸ್ತಕ ಬೇಡ, ಬಿಡಿ.”

ಮನೆಯಲ್ಲಿ ಇದ್ದದ್ದು ಒಂದೇ ಗಿಡ. ಬಾಲ್ಕನಿಯಲ್ಲಿ, ಬಣ್ಣದ ಹಳೆಯ ಡ್ರಮ್ಮಿನಲ್ಲಿ, ಆಳೆತ್ತರದ ನಿಂಬೆ. ಮಾವ ಬಸ್ಸಿನ ಚಾಲಕರಾಗಿದ್ದವರು, ನಿವೃತ್ತರಾದ ವರ್ಷ ಬೀಜ ಹಾಕಿ ಬೆಳೆಸಿದ್ದು. ಅವರು ಹೋದ ಮೇಲೆ ಅತ್ತೆ ದಿನಾ ಬೆಳಿಗ್ಗೆ ಅದರ ಮುಂದೆ ನಿಂತು ಮನೆಯ ಸುದ್ದಿಯನ್ನೆಲ್ಲ ಒಪ್ಪಿಸುತ್ತಿದ್ದರು. ಗಿಡ ಒಂದಕ್ಕೂ ಜವಾಬು ಕೊಡುತ್ತಿರಲಿಲ್ಲ. “ಇದ್ದಾಗಲೂ ಅವರು ಹೀಗೇ,” ಎನ್ನುತ್ತಿದ್ದರು ಅತ್ತೆ.

ಚಿತ್ರಗಾರ ಗಿಡದ ಮಾತನ್ನು ಎಷ್ಟೋ ಸಲ ಬಾಯಿಗೆ ತಂದುಕೊಂಡು ಎಷ್ಟೋ ಸಲ ನುಂಗಿ, ಕಡೆಗೆ ಊಟಕ್ಕೆ ಕೂತಾಗ ಆಡಿಯೇಬಿಟ್ಟ.

“ಗಿಡಕ್ಕೆ ಸ್ವಲ್ಪ ದಿನ ನೀರು ನಿಲ್ಲಿಸೋಣ. ಬಾಡೋದನ್ನ ಬರ್ಕೊಂಡ ತಕ್ಷಣ ಮತ್ತೆ ಹಾಕಿದ್ರಾಯ್ತು, ಚಿಗುರುತ್ತೆ.”

ಹೆಂಡತಿಯ ಚಮಚ ನಿಂತಿತು. ಮಗಳು ಅಜ್ಜಿಯ ಮುಖ ನೋಡಿದಳು.

“ಆಗ್ಲಿ ಬಿಡಿ,” ಎಂದರು ಅತ್ತೆ. “ಗಿಡ ತಾನೆ. ನಿಮ್ಮ ಹೊಟ್ಟೆಪಾಡಿಗಿಂತ ದೊಡ್ಡದಾ?”

ಕುರುಕ್ಷೇತ್ರಕ್ಕೇ ಸಜ್ಜಾಗಿ ಬಂದಿದ್ದವನಿಗೆ ಈ ಶರಣಾಗತಿ ಬಿಸಿತುಪ್ಪವಾಯಿತು, ಉಗುಳುವಂತಿಲ್ಲ, ನುಂಗುವಂತಿಲ್ಲ.

ಗಿಡ ಬೇಗನೇ ಬಾಡತೊಡಗಿತು. ಅವನು ಬಾಲ್ಕನಿಯಲ್ಲಿ ಸ್ಟೂಲು ಹಾಕಿಕೊಂಡು ಒಂದೊಂದು ಎಲೆಯನ್ನೂ ಬರೆದುಕೊಂಡ. ಎಲೆ ಹಳದಿಯಾದದ್ದು, ಜೋತದ್ದು, ಉದುರಿದ್ದು. ಅಷ್ಟು ಚೆನ್ನಾಗಿ ಅವನು ಹಿಂದೆಂದೂ ಬರೆದಿರಲಿಲ್ಲ. ಅಷ್ಟು ಸಂಕಟವನ್ನೂ ಪಟ್ಟಿರಲಿಲ್ಲ. ಅತ್ತೆ ಸುದ್ದಿ ಹೇಳುವುದನ್ನು ನಿಲ್ಲಿಸಿ ಸುಮ್ಮನೆ ನಿಂತು ಒಳಗೆ ಹೋಗುತ್ತಿದ್ದರು. ಮನೆಯಲ್ಲಿ ಜಗಳ ಕೂಡ ನಿಂತುಹೋಯಿತು, ಅದು ಅವನನ್ನು ಇನ್ನೂ ಹೆದರಿಸಿತು.

ಪುಟಗಳು ಹೋದವು. ಪ್ರಕಾಶಕರ ಫೋನು ಬಂತು.

“ಚಿತ್ರ ಅದ್ಭುತವಾಗಿದೆ. ಆದ್ರೆ ನಮ್ಮನೇಲೂ ಕುಂಡ ಇದಾವೆ ಸ್ವಾಮಿ. ನಿಮ್ಮ ಕಥೇಲಿ ಲೋಕಕ್ಕೇ ನೀರಿಲ್ಲ. ಇದು ಬಾಯಾರಿ ಸತ್ತ ಗಿಡ ಅಲ್ಲ. ಕುಡಿದು ಸತ್ತದ್ದು.”

ಹೆಂಡತಿ ಹೋಗಿ ಡ್ರಮ್ಮನ್ನು ಓರೆ ಮಾಡಿದಳು. ಕಪ್ಪು ನೀರು ಗಬ್ಬುನಾತದೊಂದಿಗೆ ಹರಿಯಿತು. ಬೇರು ಕೈಗೆ ಮೆತ್ತಗೆ ಕಿತ್ತುಬಂತು.

“ಯಾರು ನೀರು ಹಾಕಿದ್ದು?”

“ನಾನು,” ಎಂದಳು ಮಗಳು. “ಬಾಟ್ಲಲ್ಲಿ ಉಳಿದದ್ದು. ಸ್ಕೂಲಿಂದ ಬಂದ್ಮೇಲೆ.”

“ಸಂಜೆ ತರಕಾರಿ ತೊಳೆದದ್ದನ್ನ ನಾನೂ ಹಾಕ್ತಿದ್ದೆ,” ಎಂದಳು ಹೆಂಡತಿ.

“ನಾನು ಬೆಳಿಗ್ಗೆ ಒಂದು ತಂಬಿಗೆ. ಬಾಡ್ತಾ ಬಂದ್ಹಾಗೆ ಎರಡು,” ಎಂದರು ಅತ್ತೆ. “ನೋಡ್ಕೋತೀನಿ ಅಂತ ಅವರಿಗೆ ಮಾತು ಕೊಟ್ಟಿದ್ದೆ.”

ಎಲ್ಲರೂ ನೆಲದ ಮೇಲಿನ ನೀರನ್ನು ನೋಡಿದರು. ಅಷ್ಟು ಕಪ್ಪು ಬಣ್ಣ ತರಕಾರಿಯಿಂದ ಬರುವಂಥದ್ದಲ್ಲ.

“ಕುಂಚ ತೊಳೆದದ್ದನ್ನ ಎಲ್ಲಾದ್ರೂ ಚೆಲ್ಲಬೇಕಲ್ಲ,” ಎಂದ ಚಿತ್ರಗಾರ. ಆಮೇಲೆ ಮೆಲ್ಲಗೆ, “ನೋಡೋಕಾಗ್ಲಿಲ್ಲ,” ಎಂದ.

ತುದಿಯಲ್ಲಿ ಒಂದೇ ಒಂದು ಕಡ್ಡಿ ಹಸಿರಾಗಿ ಉಳಿದಿತ್ತು. ಅತ್ತೆ ಅದನ್ನು ಕತ್ತರಿಸಿ, ಅವನ ಕುಂಚದ ಮಗ್ಗನ್ನು ಕೇಳದೆಯೇ ತೆಗೆದುಕೊಂಡು, ಮಣ್ಣು ತುಂಬಿ ನೆಟ್ಟರು. ಅವನು ಕಥೆಯ ಕೊನೆಯನ್ನು ಹೊಸದಾಗಿ ಬರೆದ. ಉಳಿದ ಮನುಷ್ಯರು ಒಬ್ಬರಿಗೊಬ್ಬರು ಹೇಳದೆ ತಮ್ಮ ತಮ್ಮ ಪಾಲಿನ ನೀರನ್ನು ಕೊನೆಯ ಮರಕ್ಕೆ ಸುರಿದು, ಅದನ್ನು ಕೊಂದು, ತಾವೂ ಬಾಯಾರಿ ಕೂರುತ್ತಾರೆ. ಓದಿದ ಪ್ರಕಾಶಕರು ಫೋನು ಮಾಡಿ, ಇನ್ನೊಂದು ಗೆರೆಯನ್ನೂ ತಿದ್ದಬೇಡಿ ಎಂದರು. ಪುಸ್ತಕ ಅಚ್ಚಿಗೆ ಹೋಯಿತು.

ಮನೆಯವರೂ ಪಾಠ ಕಲಿತಿದ್ದರು. ಮಗಳು ಬಾಟಲು ಹಿಡಿದು ಮಗ್ಗಿನವರೆಗೆ ಹೋಗಿ, ಅಜ್ಜಿ ಹಾಕಿರುತ್ತಾರೆ ಎಂದು ಹಿಂದೆ ಬರುತ್ತಿದ್ದಳು. ಅಜ್ಜಿ, ಮೊಮ್ಮಗಳು ಹಾಕಿರುತ್ತಾಳೆ ಎಂದುಕೊಂಡರು. ಹೆಂಡತಿ ಆ ಕಡೆ ತಲೆಯನ್ನೇ ಹಾಕಲಿಲ್ಲ. ಚಿತ್ರಗಾರನಂತೂ ಮಸಿನೀರನ್ನು ಭಯಭಕ್ತಿಯಿಂದ ಬಚ್ಚಲಿಗೇ ಸುರಿದ.

ಪುಸ್ತಕದ ಕಟ್ಟು ಮನೆಗೆ ಬಂದ ದಿನ ಎಲ್ಲರೂ ಒಟ್ಟಿಗೆ ಕೂತು ಕೊನೆಯ ಪುಟ ಓದಿದರು. ಹೆಂಡತಿ ಕಣ್ಣೊರೆಸಿಕೊಂಡಳು. ಅತ್ತೆ, “ಇದೊಂದು ಸುದ್ದಿ ಅವರಿಗೆ ಹೇಳಿಬರ್ತೀನಿ,” ಎಂದು ಎದ್ದು ಬಾಲ್ಕನಿಗೆ ಹೋದವರು ಮಗ್ಗು ಹಿಡಿದು ವಾಪಸು ಬಂದರು. ಮಣ್ಣು ಇಟ್ಟಿಗೆಯಾಗಿತ್ತು. ಕಡ್ಡಿ ಮುಟ್ಟಿದರೆ ಲಟಕ್ಕೆಂದಿತು. ಅವರು ಅದನ್ನು ಹೊಸ ಪುಸ್ತಕದ ಮೇಲೆ ಇಟ್ಟರು.

“ತಗೊಳ್ಳಿ. ನಿಮಗೆ ಮೊದಲು ಬೇಕಾಗಿದ್ದು ಇದೇ ಅಲ್ವಾ, ಬಾಯಾರಿ ಸತ್ತದ್ದು.” ಸೆರಗಿನಿಂದ ಕೈ ಒರೆಸಿಕೊಂಡರು. “ಲೋಕ ಮುಗಿಸೋಕೆ ಬೆಂಕಿ, ಹೊಗೆ, ಬೂದಿಮಳೆ ಅಂತ ಏನೇನೋ ತರಿಸಿದ್ರಿ. ಅಷ್ಟೆಲ್ಲ ಯಾಕೆ. ನಾವು ನಾಲ್ಕು ಜನ ಸಾಕಿತ್ತು.”

ಚಿತ್ರಗಾರನ ಕಣ್ಣಲ್ಲಿ ನೀರು ಬಂತು. ಅದು ನಿಜವಾದ ನೀರೇ, ಆ ಬಗ್ಗೆ ಯಾರಿಗೂ ಸಂಶಯ ಬೇಡ. ಆದರೆ ಮನುಷ್ಯನ ಕಸುಬು ಅವನ ಸಂಕಟಕ್ಕಿಂತ ಒಂದು ಹೆಜ್ಜೆ ಮುಂದಿರುತ್ತದೆ.

“ಅತ್ತೆ,” ಎಂದ ಮೂಗು ಒರೆಸಿಕೊಂಡು, “ಈ ಮಾತು ನಾಲ್ಕನೇ ಭಾಗಕ್ಕೆ ಹಾಕ್ಕೊಳ್ಲಾ?”

ಅತ್ತೆ ಈಗಲೂ ದಿನಾ ಬೆಳಿಗ್ಗೆ ಮನೆಯ ಸುದ್ದಿಯನ್ನೆಲ್ಲ ಬಾಲ್ಕನಿಯ ಖಾಲಿ ಡ್ರಮ್ಮಿಗೆ ಹೇಳುತ್ತಾರೆ. ಅಳಿಯನಿಗೆ ಏನೂ ಹೇಳುವುದಿಲ್ಲ.