ಮಾವನವರ ಅಂಗೈ ಕಂಪ್ಯೂಟರು ಮತ್ತು ಒಂದು ನಿಮಿಷ

ನಮ್ಮ ಮನೆಯಲ್ಲಿ ಯಾವ ವಸ್ತುವಿಗೂ ನೆಮ್ಮದಿಯಾಗಿ ಸಾಯುವ ಸ್ವಾತಂತ್ರ್ಯವಿಲ್ಲ! ಕಾರಣ ನಮ್ಮ ಮಾವನವರು. ಕೊಡೆಯ ಬಟ್ಟೆ ಹರಿದರೆ ಅದರ ಕಡ್ಡಿಗಳು ಟೊಮೇಟೊ ಗಿಡಕ್ಕೆ ಊರುಗೋಲಾಗುತ್ತವೆ. ಕುಕ್ಕರಿನ ಸಡಿಲಾದ ಗ್ಯಾಸ್ಕೆಟ್ಟು ಬಿಂದಿಗೆಗೆ ಸಿಂಬೆಯಾಗುತ್ತದೆ. ಅವರ ಹಳೆಯ ಕನ್ನಡಕದ ಒಂದು ಗಾಜು ಪಂಚಾಂಗದ ಮೇಲೆ ಭೂತಗನ್ನಡಿಯಾಗಿ ಕೂತಿದೆ, ಇನ್ನೊಂದು ಗಾಜು ತನ್ನ ಸರದಿಗಾಗಿ ಡಬ್ಬಿಯಲ್ಲಿ ಕಾಯುತ್ತಿದೆ.

ರಾಜಾಜಿನಗರದ ಕಾರ್ಖಾನೆಯೊಂದರ ಸ್ಟೋರ್ಸಿನಲ್ಲಿ ಮೂವತ್ತಾರು ವರ್ಷ ದುಡಿದು ನಿವೃತ್ತರಾದವರು ಅವರು. ಸ್ಟೋರ್ಸು ಅವರನ್ನು ಬಿಟ್ಟರೂ ಅವರು ಸ್ಟೋರ್ಸನ್ನು ಬಿಟ್ಟಿಲ್ಲ. ಗಾಯಕ್ಕೆ ಅಂಟಿಸುವ ಬಿಳಿ ಪ್ಲಾಸ್ಟರನ್ನು ಸಣ್ಣಗೆ ಕತ್ತರಿಸಿ, ಬಾಲ್‌ಪೆನ್ನಿನಲ್ಲಿ ಬರೆದು, ಕಂಡ ಕಂಡ ವಸ್ತುವಿಗೆಲ್ಲ ಅಂಟಿಸುತ್ತಾರೆ. ಗ್ಯಾಸ್ ಸಿಲಿಂಡರಿಗೆ ಹಚ್ಚಿದ ತಾರೀಕು, ಪೊರಕೆಗೆ ಕೊಂಡ ತಾರೀಕು, ಬಲ್ಬಿಗೆ ಹುಟ್ಟಿದ ತಾರೀಕು. ಬಸವೇಶ್ವರನಗರದ ಈ ಮನೆಗೆ ಸೊಸೆಯಾಗಿ ಬಂದ ಹೊಸದರಲ್ಲಿ, ಎಲ್ಲಿ ನನ್ನ ಬೆನ್ನಿಗೂ ಒಂದು ಚೀಟಿ ಅಂಟಿಸಿಬಿಡುತ್ತಾರೋ ಎಂದು ನಾನು ಗೋಡೆಗೆ ಒರಗಿಕೊಂಡೇ ಓಡಾಡಿದ್ದುಂಟು!

ಜೊತೆಗೆ ಅವರ ನಿಯಮಗಳು. ಒಂದು ಚಟ್ನಿ ರುಬ್ಬಿದ ಮೇಲೆ ಮಿಕ್ಸಿಗೆ ಮೂರು ನಿಮಿಷ ವಿಶ್ರಾಂತಿ ಕೊಡಬೇಕು. ಫ್ರಿಜ್ಜಿನ ಬಾಗಿಲು ಏಳು ಸೆಕೆಂಡಿಗಿಂತ ಹೆಚ್ಚು ತೆರೆದಿರಬಾರದು. ಏಳು ಸೆಕೆಂಡಿನಲ್ಲಿ ಕರಿಬೇವು ಎಲ್ಲಿದೆ ಎಂದು ಹುಡುಕುವುದಕ್ಕಾದರೂ ಸಾಧ್ಯವೇ? ನಾನು ತಲೆಯಾಡಿಸುತ್ತಿದ್ದೆ, ಅವರು ಅತ್ತ ತಿರುಗಿದ ಮೇಲೆ ಆರಾಮಾಗಿ ಹುಡುಕುತ್ತಿದ್ದೆ. ಫ್ರಿಜ್ಜಿಗೇನೂ ಆಗಲಿಲ್ಲ. ಹಾಗಾಗಿ ಅವರ ನಿಮಿಷ, ಸೆಕೆಂಡುಗಳೆಲ್ಲ ಬರೀ ನಾಟಕ ಎಂದು ತೀರ್ಮಾನಿಸಿದ್ದೆ. ಈ ತೀರ್ಮಾನವನ್ನು ನೆನಪಿಟ್ಟುಕೊಳ್ಳಿ, ಮುಂದೆ ನನಗೆ ಇದೇ ಮುಳುವಾಯಿತು.

ಇಂಥವರ ಕೈಗೆ ನಮ್ಮ ಯಜಮಾನರು ಒಂದು ದಿನ ಅಂಗೈ ಕಂಪ್ಯೂಟರು ತಂದುಕೊಟ್ಟರು. ಆಗಿನ್ನೂ ಎಲ್ಲರ ಕೈಯಲ್ಲೂ ಮೊಬೈಲು ಬಂದಿರಲಿಲ್ಲ. ಆಫೀಸಿನ ಮ್ಯಾನೇಜರು ಹೊಸದು ಕೊಂಡು, ಹಳೆಯದನ್ನು ಡ್ರಾಯರಿಗೆ ಎಸೆದಿದ್ದರಂತೆ. ಸೋಪಿನ ಡಬ್ಬಿಯಷ್ಟು ಅಗಲ, ಬೂದು ಬಣ್ಣ, ಹಸಿರು ಮಿಶ್ರಿತ ಗಾಜು, ಪಕ್ಕದಲ್ಲಿ ಸಿಕ್ಕಿಸಿದ ಪ್ಲಾಸ್ಟಿಕ್ ಕಡ್ಡಿ. ಆ ಕಡ್ಡಿಯಿಂದ ಗಾಜಿನ ಮೇಲೆ ಗೀಚಿದರೆ ಅಕ್ಷರ ಮೂಡುತ್ತಿತ್ತು. ಹಿಂದೆ ಕಿರುಬೆರಳಿನ ಗಾತ್ರದ ಎರಡು ಸೆಲ್ಲು.

"ಏನಕ್ಕೂ ಬರಲ್ಲ ಅಪ್ಪ. ಸುಮ್ನೆ ನೋಡಕ್ಕೆ ತಂದೆ" ಎಂದರು ಯಜಮಾನರು.

ಏನಕ್ಕೂ ಬರಲ್ಲ! ಈ ಮಾತನ್ನು ಬೇರೆ ಯಾರ ಮುಂದಾದರೂ ಆಡಬಹುದಿತ್ತು. ಮಾವನವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಮೊದಲು ಹಿಂಬದಿಗೆ ಒಂದು ಚೀಟಿ ಅಂಟಿಸಿದರು. ಆಮೇಲೆ ಅದರ ಪುಸ್ತಕವನ್ನು ಮೂರು ದಿನ ಓದಿದರು. ನಾಲ್ಕನೆಯ ದಿನ ನಮ್ಮನ್ನೆಲ್ಲ ಹಾಲಿನಲ್ಲಿ ಕೂರಿಸಿ ಘೋಷಿಸಿದರು. "ನೋಡಿ, ಇದರ ಜ್ಞಾಪಕಶಕ್ತಿ ಎಲ್ಲಾ ಸೆಲ್ಲಲ್ಲೇ ಇರೋದು. ಸೆಲ್ ತೆಗೆದು ಒಂದು ನಿಮಿಷದೊಳಗೆ ಹೊಸದು ಹಾಕಬೇಕು. ದಾಟಿತೋ, ಎಲ್ಲಾ ಮರ್ತು ಹೋಗತ್ತೆ."

"ನಿಮಗಿಂತ ವಾಸಿ ಬಿಡಿ. ನೀವು ಅರ್ಧ ನಿಮಿಷಕ್ಕೇ ಮರೀತೀರ" ಎಂದರು ಅತ್ತೆ.

ಸೆಲ್ಲು ಬದಲಾಯಿಸುವುದೆಂದರೆ ಮನೆಯಲ್ಲಿ ಒಂದು ಸಮಾರಂಭ. ಹೊಸ ಸೆಲ್ಲುಗಳನ್ನು ಸ್ಟೀಲ್ ತಟ್ಟೆಯಲ್ಲಿ ಹಿಡಿದು ನಾನು ನಿಲ್ಲಬೇಕು. ಒಂದಕ್ಕೆ 'ಎಡ', ಇನ್ನೊಂದಕ್ಕೆ 'ಬಲ' ಎಂಬ ಚೀಟಿ, ಕೆಳಗೆ ತಾರೀಕು. ಯಜಮಾನರು ವಾಚು ನೋಡಬೇಕು. ಅತ್ತೆ ಮಾತ್ರ ಮಂಚದ ಮೇಲಿಂದಲೇ "ಹೆರಿಗೆ ಆಯ್ತಾ?" ಎಂದು ಕೂಗುತ್ತಿದ್ದರು.

ಮಂಚದ ಮೇಲಿಂದಲೇ ಎಂದೆನಲ್ಲ, ಅದನ್ನು ಹೇಳಿಬಿಡುತ್ತೇನೆ. ಆ ವರ್ಷ ಅತ್ತೆ ಬಟ್ಟೆ ಒಗೆಯುವ ಕಲ್ಲಿನ ಬಳಿ ಜಾರಿಬಿದ್ದು ಸೊಂಟದ ಹತ್ತಿರ ಮೂಳೆ ಮುರಿದುಕೊಂಡಿದ್ದರು. ಆಪರೇಷನ್ ಆಗಿ ಮೂಳೆ ಕೂಡಿತ್ತು. ಕೂಡದಿದ್ದದ್ದು ಧೈರ್ಯ. ವಾಕರ್ ಹಿಡಿದು ಎರಡು ಹೆಜ್ಜೆ ಇಟ್ಟರೆ ಮೂರನೆಯದಕ್ಕೆ ಹಣೆಯಲ್ಲಿ ಬೆವರು, "ಬೇಡ ಕಣಮ್ಮ, ಬಿದ್ದೋಗ್ತೀನಿ" ಎಂದು ಕೂತುಬಿಡುತ್ತಿದ್ದರು. "ಈ ಆರು ತಿಂಗಳಲ್ಲಿ ನಡೆದರೆ ನಡೆದಂತೆ. ಇಲ್ಲದಿದ್ದರೆ ಕುರ್ಚಿಯೇ ಗತಿ" ಎಂದಿದ್ದರು ಡಾಕ್ಟರು. ಅತ್ತೆಗೆ ಬೇರೆ ಆಸೆಯೇನೂ ಇರಲಿಲ್ಲ. ಗೇಟಿನ ಪಕ್ಕದ ದಾಸವಾಳವನ್ನು ವಾಕಿಂಗ್ ಹೋಗುವವರು ಕಿತ್ತುಕೊಳ್ಳುವ ಮೊದಲು ತಾವೇ ಹೋಗಿ ಕೊಯ್ಯಬೇಕು. ಮಂಚದಿಂದ ಗೇಟಿಗೆ ಹಾಲು, ವರಾಂಡ, ಮೂರು ಮೆಟ್ಟಿಲು. ಅಷ್ಟೇ ದೂರ. ಅಷ್ಟು ದೂರ!

ಅಂಗೈ ಕಂಪ್ಯೂಟರಿನ ಮೊದಲ ಉಪಯೋಗ ಕಾವೇರಿ ನೀರಿನದು. ನಮ್ಮ ರಸ್ತೆಗೆ ನೀರು ದಿನ ಬಿಟ್ಟು ದಿನ, ಅದೂ ತನಗೆ ಮನಸ್ಸು ಬಂದ ಹೊತ್ತಿಗೆ. ಮಾವನವರು ನೀರು ಬಂದ ಹೊತ್ತು, ನಿಂತ ಹೊತ್ತುಗಳನ್ನು ಕಡ್ಡಿಯಿಂದ ಗೀಚುತ್ತಾ ಹೋದರು. ಮೂರು ತಿಂಗಳಾಗುವಷ್ಟರಲ್ಲಿ ಭವಿಷ್ಯ ನುಡಿಯತೊಡಗಿದರು. ಅಕ್ಕಪಕ್ಕದವರೆಲ್ಲ ಅವರನ್ನು ಕೇಳಿಯೇ ನೆನೆಹಾಕಿದ ಬಟ್ಟೆಗೆ ಕೈ ಹಾಕುತ್ತಿದ್ದರು. ಒಂದು ಬೆಳಿಗ್ಗೆ ಗೇಟಿನ ಹತ್ತಿರ ಸೈಕಲ್ ನಿಂತಿತು. ನೋಡಿದರೆ ಉದ್ದನೆಯ ಕಬ್ಬಿಣದ ಕೀ ಹಿಡಿದ ವಾಲ್ವ್ ತಿರುಗಿಸುವವನು! "ಸಾರ್, ಎರಡ್ ದಿನ ಊರಿಗೆ ಹೋಗಿದ್ದೆ. ಇವತ್ತು ನಿಮ್ ರೋಡಿಗಾ, ಹಿಂದಿನ್ ರೋಡಿಗಾ? ಸ್ವಲ್ಪ ನೋಡಿ ಹೇಳಿ."

ಆ ದಿನ ಮಾವನವರು ಒಂದು ದೋಸೆ ಹೆಚ್ಚಿಗೆ ತಿಂದರು.

ಆದರೆ ಅಷ್ಟಕ್ಕೇ ತೃಪ್ತಿಯೆಲ್ಲಿ? ಈ ಯಂತ್ರದ ತಲೆಯಲ್ಲೊಂದು ಕಪ್ಪು ಕಿಟಕಿಯಿತ್ತು. ಎರಡು ಯಂತ್ರಗಳನ್ನು ತಲೆಗೆ ತಲೆ ಹಿಡಿದರೆ ಒಂದರಲ್ಲಿದ್ದ ಪ್ರೋಗ್ರಾಮು ಇನ್ನೊಂದಕ್ಕೆ ಹಾರುತ್ತಿತ್ತು. ಹಾರಲು ಇನ್ನೊಂದು ಯಂತ್ರ ಬೇಡವೇ? ಮೆಡಿಕಲ್ ಶಾಪಿನಲ್ಲಿ ಅತ್ತೆಯ ಮಾತ್ರೆ ಕೊಳ್ಳುವಾಗ, ಟೈ ಕಟ್ಟಿಕೊಂಡ ಔಷಧಿ ಕಂಪನಿಯ ರೆಪ್ಪೊಬ್ಬರ ಜೇಬಿನಿಂದ ಅಂಥದ್ದೇ ಬೂದು ಡಬ್ಬಿ ಇಣುಕುವುದು ಕಂಡಿತಂತೆ. ಕಳೆದುಹೋದ ತಮ್ಮ ಸಿಕ್ಕಿದಷ್ಟು ಸಂತೋಷ! ವಿಜಯನಗರದ ಆ ಮನುಷ್ಯನೊಂದಿಗೆ ಭಾನುವಾರ ಚಂದ್ರಾ ಲೇಔಟಿನ ದರ್ಶಿನಿಯಲ್ಲಿ ಭೇಟಿ ಗೊತ್ತಾಯಿತು. ಇಬ್ಬರೂ ಕಾಫಿ ಲೋಟ ಪಕ್ಕಕ್ಕಿಟ್ಟು, ಯಂತ್ರಗಳನ್ನು ತಲೆಗೆ ತಲೆ ಹಿಡಿದು, ಉಸಿರು ಬಿಗಿಹಿಡಿದು ನಿಂತಿದ್ದಾಗ, ಟೇಬಲ್ ಒರೆಸುವವನು ಬಟ್ಟೆ ಹಿಡಿದೇ ನಿಂತು ಕೇಳಿದನಂತೆ. "ಏನ್ ಸಾರ್, ಹೆಣ್ಣು ನೋಡೋ ಶಾಸ್ತ್ರಾನಾ?"

ಹೀಗೆ ಎಂಟು ಪ್ರೋಗ್ರಾಮುಗಳು ಮನೆ ತುಂಬಿದವು. ಗಾಲ್ಫ್ ಆಟದ ಅಂಕ ಬರೆಯುವುದೊಂದು. ನಮ್ಮ ವಂಶದಲ್ಲಿ ಗಾಲ್ಫ್ ಆಡಿದವರಿಲ್ಲ, ಮಾವನವರು ಅದರಲ್ಲಿ ತೆಂಗಿನಮರಗಳ ಕಾಯಿ ಎಣಿಸಿದರು. ಮೊಟ್ಟೆ ಬೇಯಿಸುವ ಹೊತ್ತು ಅಳೆಯುವುದು ಇನ್ನೊಂದು. ಗಾಜಿನ ಮೇಲೆ ದುಂಡನೆಯ ಮೊಟ್ಟೆಯ ಚಿತ್ರ ಬೇರೆ! ಅದನ್ನು ಇಡ್ಲಿಗೆ ಬಳಸಬಹುದೆಂದು ಅವರು ಕಂಡುಹಿಡಿದರು. ಗಟ್ಟಿಯಾಗಿ ಬೆಂದ ಮೊಟ್ಟೆಯ ಹೊತ್ತಿಗೆ ಇಡ್ಲಿ ಹದವಾಗುತ್ತದಂತೆ.

ಅತ್ತೆಗೆ ವಿಷಯ ಗೊತ್ತಾಯಿತು. "ಅದನ್ನ ಅಡುಗೆಮನೆಗೆ ತರಬೇಡಿ! ದೇವರಿಗೆ ನೈವೇದ್ಯ ಆಗೋ ಜಾಗ."

"ಚಿತ್ರದ ಮೊಟ್ಟೆಗೆ ಎಂಥಾ ಮೈಲಿಗೆ ಕಣೇ?"

"ಹಾಗಾದ್ರೆ ಚಿತ್ರದ ಇಡ್ಲೀನೇ ತಿನ್ನಿ."

ಅಂದಿನಿಂದ ಮಾವನವರು ಅಡುಗೆಮನೆಯ ಹೊಸ್ತಿಲ ಆಚೆ ನಿಂತು, "ಮೊಟ್ಟೆ ಬೆಂತಮ್ಮಾ, ಇಡ್ಲಿ ಇಳಿಸು!" ಎಂದು ಕೂಗುತ್ತಿದ್ದರು. ಪಕ್ಕದ ಮನೆಯ ಆಂಟಿ ಒಂದು ತಿಂಗಳು ನಮ್ಮ ಮನೆಯಲ್ಲಿ ನೀರು ಸಹ ಕುಡಿಯಲಿಲ್ಲ.

ಎಂಟನೆಯದು ಟಕ್, ಟಕ್ ಎಂದು ಒಂದೇ ಸಮನೆ ತಾಳ ಹಾಕುವ ಪ್ರೋಗ್ರಾಮು. ರೆಪ್ಪಿನ ಮಗಳು ಪಿಟೀಲು ಕಲಿಯುತ್ತಿದ್ದಳಂತೆ, ಅವಳದ್ದು. ನಮ್ಮ ಮನೆಯಲ್ಲಿ ಯಾರು ಪಿಟೀಲು ಬಾರಿಸಬೇಕು? ಇದೊಂದಾದರೂ ಉಪಯೋಗಕ್ಕೆ ಬಾರದೆ ಉಳಿಯಿತಲ್ಲ ಎಂದು ನಾನು ಸಂತೋಷಪಡುತ್ತಿದ್ದೆ. ಒಂದು ಸಂಜೆ ಮಾವನವರು ಅದನ್ನು ಹಿಡಿದು ಅತ್ತೆಯ ಮಂಚದ ಮುಂದೆ ನಿಂತರು.

"ಏಳು. ಟಕ್ ಅಂದಾಗ ಒಂದು ಹೆಜ್ಜೆ. ಇನ್ನೊಂದು ಟಕ್ಕಿಗೆ ಇನ್ನೊಂದು."

"ನಾನೇನು ಪೆರೇಡ್ ಮಾಡ್ಬೇಕಾ?"

"ಮಾಡು. ನಾನೇ ಸೆಲ್ಯೂಟ್ ಹೊಡೀತೀನಿ."

ಅತ್ತೆ ನಕ್ಕರು. ನಕ್ಕ ಭರದಲ್ಲಿ ಎದ್ದರು. ಟಕ್, ವಾಕರು ಮುಂದೆ. ಟಕ್, ಕಾಲು ಮುಂದೆ. ಮೂರನೆಯ ಹೆಜ್ಜೆಗೆ ಬೆವರಲಿಲ್ಲ. ಭಯಪಡುವುದಕ್ಕೆ ಪುರುಸೊತ್ತೇ ಇಲ್ಲ, ಅಷ್ಟರಲ್ಲಿ ಮುಂದಿನ ಟಕ್ ಬಂದಿರುತ್ತಿತ್ತು! ಆ ದಿನ ಹನ್ನೊಂದು ಹೆಜ್ಜೆ. ವಾರದಲ್ಲಿ ಹಾಲು ದಾಟಿದರು, ಮೂರು ವಾರಕ್ಕೆ ವರಾಂಡ. ದಿನದ ಹೆಜ್ಜೆಗಳ ಲೆಕ್ಕವೆಲ್ಲ ಡಬ್ಬಿಯೊಳಗೆ. ಕೊನೆಗೆ ಒಂದು ಶುಕ್ರವಾರ ಸಂಜೆ ಮೆಟ್ಟಿಲಿಳಿದು ಗೇಟಿಗೆ ಹೋಗುವುದೆಂದು ನಿಶ್ಚಯವಾಯಿತು.

ಆ ಶುಕ್ರವಾರ ಮಧ್ಯಾಹ್ನವೇ ನಾನು ಎಡವಿದ್ದು.

ನನ್ನ ಸೀರಿಯಲ್ಲಿನ ಹೊತ್ತು. ಟಿವಿಯ ಮೇಲಿನ ಗುಂಡಿಗಳು ಎಂದೋ ಒಳಗೆ ಕೂತುಹೋಗಿದ್ದವು, ರಿಮೋಟೇ ಗತಿ. ಅದರ ಸೆಲ್ಲು ಮುಗಿದಿತ್ತು. ಮಾವನವರು, ಅತ್ತೆ ಮಲಗಿದ್ದರು. ಮೇಜಿನ ಮೇಲೆ ಬೂದು ಡಬ್ಬಿ. ಅದೇ ಗಾತ್ರದ ಎರಡು ಸೆಲ್ಲು. ಅರ್ಧ ಗಂಟೆಯ ಸಾಲ, ಅಷ್ಟೇ. ಆ ಒಂದು ನಿಮಿಷದ ನಿಯಮ? ಫ್ರಿಜ್ಜಿನ ಏಳು ಸೆಕೆಂಡಿನಂಥದ್ದೇ ಇರಬೇಕು!

ಸೀರಿಯಲ್ಲು ಮುಗಿದ ಮೇಲೆ ಸೆಲ್ಲುಗಳನ್ನು ವಾಪಸ್ಸು ಹಾಕಿ ಗುಂಡಿ ಒತ್ತಿದೆ. ಡಬ್ಬಿ ಬೆಳಗಿತು. 'ಸ್ವಾಗತ' ಎಂದು ಇಂಗ್ಲಿಷಿನಲ್ಲಿ ಬರೆದು, ಇಲ್ಲಿ ಮುಟ್ಟಿ, ಅಲ್ಲಿ ಮುಟ್ಟಿ ಎಂದಿತು. ಅಂದೇ ಹುಟ್ಟಿದ ಮಗುವಿನ ಮುಖ! ನೀರಿಲ್ಲ, ಮೊಟ್ಟೆಯಿಲ್ಲ, ಹೆಜ್ಜೆಗಳಿಲ್ಲ. ಟಕ್ ಇಲ್ಲ.

ರೆಪ್ಪಿನಿಂದ ಮತ್ತೆ ತುಂಬಿಸಿಕೊಳ್ಳೋಣವೆಂದರೆ ಅವರು ಟೂರ್ ಹೋಗಿದ್ದರು, ಬರುವುದು ಮುಂದಿನ ವಾರ. ಆ ಸದ್ದಿಲ್ಲದೆ ಅತ್ತೆ ಮತ್ತೆ ಮೂರನೆಯ ಹೆಜ್ಜೆಗೆ ಕೂತುಬಿಟ್ಟರೆ? ತಪ್ಪು ಮಾಡಿದ ಕೂಡಲೇ ಒಪ್ಪಿಕೊಂಡುಬಿಡಬೇಕು ಎಂದು ಕಾನ್ವೆಂಟಿನಲ್ಲಿ ಸಿಸ್ಟರು ಹತ್ತು ವರ್ಷ ಹೇಳಿಕೊಟ್ಟಿದ್ದರು. ನಾನು ಡಬ್ಬಿಯನ್ನು ಇದ್ದ ಜಾಗದಲ್ಲಿಟ್ಟು, ಹೋಗಿ ಹುರುಳಿಕಾಯಿ ಹೆಚ್ಚುತ್ತಾ ಕೂತೆ. ನಾಲ್ಕು ಜನರ ಮನೆಗೆ ಹತ್ತು ಜನಕ್ಕಾಗುವಷ್ಟು ಹೆಚ್ಚಿದೆ.

ಸಂಜೆ ಅತ್ತೆ ಹೊಸ ಸೀರೆಯುಟ್ಟು, ವರಾಂಡದಲ್ಲಿ ವಾಕರ್ ಹಿಡಿದು ನಿಂತರು. ಮಾವನವರು ಡಬ್ಬಿ ಕೈಗೆತ್ತಿಕೊಂಡರು. ಗುಂಡಿ ಒತ್ತಿದರು. ನೋಡಿದರು. ತಿರುಗಿಸಿ ಹಿಂದಿನ ಮುಚ್ಚಳ ತೆಗೆದು ಸೆಲ್ಲುಗಳನ್ನು ನೋಡಿದರು. ಮುಚ್ಚಿದರು. ಬಾಗಿಲ ಹಿಂದೆ ನಿಂತಿದ್ದ ನನ್ನ ಎದೆಯೇ ಆ ಟಕ್ ಟಕ್ ಸದ್ದು ಮಾಡುತ್ತಿತ್ತು.

"ಏನಾಯ್ತ್ರೀ?" ಎಂದರು ಅತ್ತೆ.

"ಹಳೇದಲ್ವಾ, ತಾನಾಗೇ ಹೋಯ್ತು."

"ಅಯ್ಯೋ! ಮತ್ತೆ ನಾನು?" ಅತ್ತೆಯ ಕೈ ವಾಕರಿನ ಮೇಲೆ ಬಿಗಿಯಾಯಿತು. ಹಣೆಯ ಮೇಲೆ ಬೆವರು ಕಾಣಿಸಿಕೊಂಡಿತು.

"ನೀನು ಹಳೇದಲ್ಲ ಕಣೇ" ಎಂದು ಮಾವನವರು ಕಡ್ಡಿಯನ್ನು ಹೊರಗೆಳೆದರು. ಸತ್ತ ಡಬ್ಬಿಯನ್ನು ಕಿವಿಯ ಹತ್ತಿರ ಹಿಡಿದು, ಅದರ ಬೆನ್ನಿನ ಮೇಲೆ ಕಡ್ಡಿಯಿಂದ ಹೊಡೆದರು. ಟಕ್.

ಅತ್ತೆ ಕದಲಲಿಲ್ಲ. ಟಕ್. ಮಾವನವರು ಮೆಟ್ಟಿಲ ಕೆಳಗೆ ಇಳಿದು, ಮೇಲೆ ನೋಡುತ್ತಾ ನಿಂತರು. ಟಕ್.

ವಾಕರು ಮುಂದೆ ಸರಿಯಿತು. ಯಜಮಾನರು ತೋಳು ಹಿಡಿದರು. ಒಂದು ಮೆಟ್ಟಿಲು. ಮಾವನವರು ಕಾದರು. ಅತ್ತೆಯ ಪಾದ ನೆಲ ಮುಟ್ಟಿದ ಮೇಲೆಯೇ ಮುಂದಿನ ಟಕ್. ಇನ್ನೊಂದು ಮೆಟ್ಟಿಲು. ಇನ್ನೊಂದು. ಗೇಟು! ಆ ಹೊತ್ತಿಗೆ ದಾಸವಾಳ ಮುದುಡಿತ್ತು. ಅತ್ತೆ ಅದನ್ನೇ ಕಿತ್ತು ಮುಡಿದುಕೊಂಡರು.

"ನಿಮ್ಮ ತಾಳವೇ ವಾಸಿ ಕಣ್ರೀ. ಆ ಡಬ್ಬಿ ನನಗೆ ಕಾಯ್ತಾನೇ ಇರ್ಲಿಲ್ಲ" ಎಂದರು.

ಉಳಿದದ್ದೆಲ್ಲ ಹೋಯಿತಲ್ಲ ಎಂದು ಯಜಮಾನರು ಪೇಚಾಡಿದಾಗ ಮಾವನವರು ಬೀರುವಿನಿಂದ ದಪ್ಪನೆಯ ನೋಟ್‌ಬುಕ್ಕು ತೆಗೆದರು. ನೀರಿನ ಹೊತ್ತು, ತೆಂಗಿನಕಾಯಿ, ಅತ್ತೆಯ ಒಂದೊಂದು ಹೆಜ್ಜೆಯೂ ಪೆನ್ಸಿಲಿನಲ್ಲಿ! ದಿನಾ ರಾತ್ರಿ ಕಂಪ್ಯೂಟರು ನೋಡಿ ನಕಲು ಮಾಡುತ್ತಿದ್ದರಂತೆ. "ಡುಪ್ಲಿಕೇಟ್ ಇಲ್ದೆ ಯಾರಾದ್ರೂ ಸ್ಟೋರ್ಸ್ ನಡೆಸ್ತಾರೇನೋ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಹೇಳಲಿಲ್ಲ.

ಮರುದಿನ ಮಧ್ಯಾಹ್ನ ಟಿವಿ ಮುಂದೆ ಕೂತು, ಸತ್ತ ರಿಮೋಟನ್ನು ಅಭ್ಯಾಸಬಲದಿಂದ ಒತ್ತಿದೆ. ಟಿವಿ ಹತ್ತಿಕೊಂಡಿತು! ಗಾಬರಿಯಿಂದ ರಿಮೋಟಿನ ಮುಚ್ಚಳ ತೆಗೆದೆ. ಒಳಗೆ ಎರಡು ಹೊಸ ಸೆಲ್ಲು. 'ಎಡ', 'ಬಲ', ನಿನ್ನೆಯ ತಾರೀಕು. ಆಗ ಹೊಳೆಯಿತು, ಡಬ್ಬಿಗೆ ಸೆಲ್ಲು ವಾಪಸ್ಸು ಹಾಕುವ ಆತುರದಲ್ಲಿ ಎಡದ್ದು ಯಾವುದು, ಬಲದ್ದು ಯಾವುದು ಎಂದು ನಾನು ನೋಡಿರಲೇ ಇಲ್ಲ. ಮುಚ್ಚಳದ ಒಳಮೈಗೆ ಇನ್ನೊಂದು ಪ್ಲಾಸ್ಟರ್ ತುಂಡು ಅಂಟಿತ್ತು. ಸ್ಟೋರ್ಸಿನ ದುಂಡನೆಯ ಅಕ್ಷರಗಳಲ್ಲಿ ಒಂದೇ ಸಾಲು.

'ಇದಕ್ಕೆ ಒಂದು ನಿಮಿಷದ ನಿಯಮ ಇಲ್ಲ. ನಿಧಾನವಾಗಿ ಬದಲಾಯಿಸಮ್ಮ.'

ಸೀರಿಯಲ್ಲಿನಲ್ಲಿ ಯಾರೋ ಅಳುತ್ತಿದ್ದರು. ಹೊರಗೆ ಗೇಟಿನ ಕಡೆಯಿಂದ ಟಕ್, ಟಕ್ ಕೇಳಿಸುತ್ತಿತ್ತು. ಮದುವೆಯಾಗಿ ಬಂದ ಹನ್ನೊಂದು ವರ್ಷಕ್ಕೆ ಮಾವನವರು ಕೊನೆಗೂ ನನಗೊಂದು ಚೀಟಿ ಅಂಟಿಸಿದ್ದರು.