ಆಗದ ಬೀಗರೂ ಜರ್ಮನ್ ಪ್ಲೇಟೂ

ಗಂಡ ಕುಡಿಯುತ್ತಾನೆ ಎಂದರೆ ಹೆಂಗಸಿಗೆ ಊರಿನ ಮರುಕ ಸಿಗುತ್ತದೆ. ಇಸ್ಪೀಟು ಆಡುತ್ತಾನೆ ಎಂದರೆ ತವರಿನವರು ಬಂದು ಪಂಚಾಯಿತಿ ಮಾಡುತ್ತಾರೆ. ಗಂಡ ಜರ್ಮನ್ ಭಾಷೆಯ ಹಾಡು ಕೇಳುತ್ತಾನೆ ಎಂದು ದೂರು ಕೊಟ್ಟರೆ ಮಾತ್ರ ಯಾರೂ ನಂಬುವುದಿಲ್ಲ, ನಂಬಿದವರು ನಗುತ್ತಾರೆ. ಶೀಳನೆರೆಯಲ್ಲಿರುವ ನನ್ನ ತಾಯಿಗೆ ಫೋನು ಮಾಡಿ ಹೇಳಿಕೊಂಡೆ. ಅವಳು, “ಒಡೀತಾರೇನವ್ವ?” ಎಂದು ಕೇಳಿದಳು. ಇಲ್ಲ ಎಂದೆ. “ಅಂಗಾರೆ ಕೇಳ್ಕಳ್ಳಿ ಬುಡು” ಎಂದು ಫೋನು ಇಟ್ಟು ಹಾಲು ಕರೆಯಲು ಹೋದಳು. ಸಂಸಾರದ ಕೆಲವು ಕಷ್ಟಗಳಿಗೆ ನಮ್ಮ ಹಿರಿಯರು ಗಾದೆಯನ್ನೇ ಮಾಡಿಟ್ಟಿಲ್ಲ. ಅಂಥವನ್ನು ಒಬ್ಬಳೇ ಅನುಭವಿಸಬೇಕು.

ನಾನು ಪಾಂಡವಪುರದ ಪ್ರೌಢಶಾಲೆಯೊಂದರಲ್ಲಿ ಕನ್ನಡ ಮೇಡಂ. ಇಂಗ್ಲಿಷ್ ಮೇಷ್ಟ್ರು ವರ್ಗವಾಗಿ ಹೋದ ಮೇಲೆ ಆ ಜಾಗಕ್ಕೆ ಯಾರೂ ಬಾರದೆ ಇಂಗ್ಲಿಷೂ ನನ್ನ ತಲೆಗೇ ಬಿದ್ದಿದೆ. ಎರಡು ಭಾಷೆಯಲ್ಲೂ ಮಕ್ಕಳ ತಪ್ಪು ತಿದ್ದಿ ತಿದ್ದಿ ನನಗೆ ಯಾವ ಭಾಷೆಯ ಮೇಲೂ ಪ್ರೀತಿ ಉಳಿದಿಲ್ಲ. ನಮ್ಮ ಮನೆಯವರಿಗೆ ವಿದ್ಯುತ್ ಕಚೇರಿಯಲ್ಲಿ ಕೆಲಸ. ಲೈನ್‌ಮನ್ನುಗಳನ್ನು ಕಂಬ ಹತ್ತಿಸಿ, ತಾವು ಕೆಳಗೆ ನಿಂತು “ಉಸಾರು ಕಣ್ಲಾ” ಎನ್ನುವ ಹುದ್ದೆ. ಮದುವೆಯಾದಾಗಿನಿಂದ ಈ ಮನುಷ್ಯ ಬಚ್ಚಲಲ್ಲಿ ಕೂಡ ಒಂದು ಹಾಡು ಗುನುಗಿದ್ದನ್ನು ನಾನು ಕೇಳಿಲ್ಲ. ಟೀವಿಯಲ್ಲಿ ಹಾಡು ಬಂದರೆ ಎದ್ದು ನೀರು ಕುಡಿದು ಬರುತ್ತಿದ್ದರು.

ಇಂಥವರು ಹಿಂದಿನ ವರ್ಷ ಶ್ರೀರಂಗಪಟ್ಟಣಕ್ಕೆ ಏನೋ ಕೆಲಸಕ್ಕೆ ಹೋದವರು ಆಟೋದಲ್ಲಿ ಒಂದು ಪೆಟ್ಟಿಗೆ ಇಟ್ಟುಕೊಂಡು ಮನೆಗೆ ಬಂದರು. ಹೊಳೆ ದಂಡೆಯ ಮನೆಯಲ್ಲಿ ಬಾಡಿಗೆಗಿದ್ದ ಜರ್ಮನಿಯ ಮುದುಕಿಯೊಬ್ಬಳು ಊರಿಗೆ ವಾಪಸು ಹೊರಟಿದ್ದಳಂತೆ. ಅವಳ ಮನೆಯಲ್ಲಿ ಯಾವಾಗಲೂ ಫ್ಯೂಸು ಹೋಗುತ್ತಿತ್ತು. ಅವಳು ಹೇಳಿದ ತಕ್ಷಣ ಇವರು ಜನ ಕಳಿಸಿ ಸರಿ ಮಾಡಿಸಿಕೊಡುತ್ತಿದ್ದರು. ಆ ಉಪಕಾರಕ್ಕೆ ಒಂದು ಗ್ರಾಮಫೋನ್ ಪ್ಲೇಟು ಹಾಕುವ ಮೆಷಿನ್ನೂ ಒಂದು ಪೆಟ್ಟಿಗೆ ಪ್ಲೇಟುಗಳೂ ದಾನವಾಗಿ ಬಂದಿದ್ದವು. ಅವಳ ಹಳೆಯ ಫ್ರಿಜ್ಜು ಲೈನ್‌ಮನ್ನಿಗೆ ಹೋಯಿತಂತೆ. ದಾನದಲ್ಲೂ ನಮ್ಮವರು ಆರಿಸಿಕೊಂಡದ್ದು ಇದನ್ನು.

ಆ ಪ್ಲೇಟುಗಳಲ್ಲಿ ಇದ್ದದ್ದು ನಮ್ಮಲ್ಲಿ ಭಾವಗೀತೆ ಎನ್ನುತ್ತೇವಲ್ಲ, ಅಂಥದ್ದು. ಜರ್ಮನ್ ಕವಿ ಬರೆದ ಪದ್ಯಕ್ಕೆ ಇನ್ನೊಬ್ಬ ರಾಗ ಹಾಕಿರುತ್ತಾನೆ. ಒಬ್ಬರು ನಿಂತು ಹಾಡುತ್ತಾರೆ, ಇನ್ನೊಬ್ಬರು ಪಕ್ಕದಲ್ಲಿ ಪಿಯಾನೋ ಬಡಿಯುತ್ತಾರೆ. ಹಳಬರ ಹಾಡುಗಳು ಚಿಕ್ಕವು, ಶುರುವಾಗುವಷ್ಟರಲ್ಲಿ ಮುಗಿಯುತ್ತವೆ. ಆಮೇಲಾಮೇಲೆ ಬಂದವರಿಗೆ ದುಃಖ ಹೆಚ್ಚಾಗಿ ಪಿಯಾನೋ ಸಾಲದೆ, ಇಡೀ ವಾದ್ಯವೃಂದವನ್ನೇ ಗಾಯಕಿಯ ಬೆನ್ನಿಗೆ ಬಿಟ್ಟಿದ್ದಾರೆ. ಅವಳು ಅಷ್ಟೂ ಜನರ ಮೇಲೆ ದನಿ ಎತ್ತಿ ಹಾಡಬೇಕು. ನಮ್ಮವರಿಗೆ ಹಿಡಿಸಿದ್ದು ಈ ಎರಡನೆಯ ಜಾತಿ. ಭಾನುವಾರ ಬೆಳಿಗ್ಗೆ ಸ್ನಾನ ಮಾಡಿ, ಪಂಚೆ ಉಟ್ಟು, ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತರೆ ಮುಗಿಯಿತು. “ಏನು ಅರ್ಥ ಆಗುತ್ತೆ ನಿಮಗೆ?” ಎಂದು ನಾನು ಕೇಳಿದ್ದಕ್ಕೆ, “ದೇವಸ್ಥಾನದಲ್ಲಿ ಪೂಜಾರಪ್ಪ ಹೇಳೋದು ನಿನಗೆ ಅರ್ಥ ಆಗ್ತದಾ? ಕೈ ಮುಗಿಯಲ್ವಾ?” ಎಂದರು. ನಾನು ಅಡುಗೆಮನೆಗೆ ಹೋಗಿ ಪಾತ್ರೆ ಸದ್ದು ಮಾಡಿದೆ.

ಮೊದಲ ಭಾನುವಾರವೇ ಪಕ್ಕದ ಮನೆಯ ಸಾವಿತ್ರಮ್ಮನವರು ಸೆರಗು ಹೊದ್ದು, ಕೈಯಲ್ಲಿ ಒಂದು ಪಾತ್ರೆ ಉಪ್ಪಿಟ್ಟು ಹಿಡಿದು ಬಾಗಿಲಲ್ಲಿ ನಿಂತಿದ್ದರು. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲವೆಂದು ನೆರೆಯವರು ಅಡುಗೆ ತಂದುಕೊಡುವುದು ನಮ್ಮ ಕಡೆಯ ಪದ್ಧತಿ. “ಯಾರವ್ವಾ ಓಗಿದ್ದು? ನಿಮ್ಮೋರ ಕಡೆಯವರಾ, ನಿನ್ನ ಕಡೆಯವರಾ?” ಎಂದು ಮೆಲ್ಲಗೆ ಕೇಳಿದರು. ಯಾರೂ ಹೋಗಿಲ್ಲ, ಅದು ಹಾಡು ಎಂದೆ. ಅವರು ಸ್ವಲ್ಪ ಹೊತ್ತು ಕಿವಿಗೊಟ್ಟರು. “ಆಡೇ ಇರ್ಬೋದು. ಆದ್ರೆ ಆ ಎಣ್ಣುಮಗಳಿಗೆ ಯಾರೋ ಓಗವ್ರೆ ಕಣವ್ವ” ಎಂದು ಉಪ್ಪಿಟ್ಟು ಕೊಟ್ಟೇ ಹೋದರು. ಚೆನ್ನಾಗಿತ್ತು. ಅವತ್ತು ನಾನು ತಿಂಡಿ ಮಾಡಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ನನ್ನ ಅಣ್ಣನ ಮಗಳು ರಂಜಿತಾ ನಮ್ಮ ಮನೆಯಲ್ಲೇ ಇದ್ದುಕೊಂಡು ಇಲ್ಲಿಯ ಆಸ್ಪತ್ರೆಯೊಂದರಲ್ಲಿ ನರ್ಸಾಗಿದ್ದಾಳೆ. ಅವಳಿಗೆ ನಾಗಮಂಗಲದ ಕಡೆಯಿಂದ ಒಂದು ಸಂಬಂಧ ಬಂತು. ಹುಡುಗ ಕಿರಣ, ನೋಡಲು ಲಕ್ಷಣವಾಗಿದ್ದ, ಟ್ರಾಕ್ಟರು ಬಿಡಿಭಾಗದ ಅಂಗಡಿ ಇಟ್ಟಿದ್ದ. ತೆಂಗಿನ ತೋಟವಿತ್ತು. ತಾಯಿ ತೀರಿಕೊಂಡಿದ್ದಳು, ಅತ್ತೆಯಿಲ್ಲದ ಮನೆ ಎಂದು ನನ್ನ ಅತ್ತಿಗೆ ಅದನ್ನೂ ಒಂದು ಅನುಕೂಲವಾಗಿಯೇ ಲೆಕ್ಕ ಹಾಕಿದ್ದಳು. ಹುಡುಗಿ ನೋಡುವ ಶಾಸ್ತ್ರ ನಮ್ಮ ಮನೆಯಲ್ಲೇ ಎಂದಾಯಿತು. ಹಿಂದಿನ ದಿನವೇ ನಾನು ನಮ್ಮವರಿಗೆ, “ನಾಳೆ ಆ ಮೆಷಿನ್ನು ಮುಟ್ಟಿದರೆ ನಾನು ತವರಿಗೆ ಹೋಗುತ್ತೇನೆ” ಎಂದು ಹೇಳಿದೆ. ಅಣ್ಣ ಅತ್ತಿಗೆ ಆಗಲೇ ಬಂದು ಕೂತಿದ್ದರಿಂದ ತವರು ನಮ್ಮ ನಡುಮನೆಯಲ್ಲೇ ಇತ್ತು. ಆದರೂ ನಮ್ಮವರು ಒಪ್ಪಿ, ಮೆಷಿನ್ನಿನ ಮೇಲೆ ನಾನೇ ಕಸೂತಿ ಹಾಕಿದ ಬಟ್ಟೆ ಮುಚ್ಚಿ, ಅದರ ಮೇಲೆ ಒಂದು ಹೂದಾನಿ ಇಟ್ಟರು.

ಹುಡುಗನ ತಂದೆ ಮರೀಗೌಡರು ದೊಡ್ಡ ಆಳು, ಕಡಿಮೆ ಮಾತು. ಜೊತೆಗೆ ಅವರ ತಂಗಿ ಬಂದಿದ್ದಳು. ಅಣ್ಣನ ಪಾಲಿನ ಮಾತನ್ನೂ ಅವಳೇ ಆಡುತ್ತಿದ್ದಳು. ಕೇಸರಿಬಾತು, ಖಾರಾಬೂಂದಿ, ಕಾಫಿ ಆಯಿತು. ರಂಜಿತಾ ಬಂದು ಕೂತದ್ದಾಯಿತು. ಈಗಿನ ಪದ್ಧತಿಯಂತೆ ಹುಡುಗ ಹುಡುಗಿ ಐದು ನಿಮಿಷ ಮಾತಾಡಲಿ ಎಂದು ಇಬ್ಬರನ್ನೂ ಹಿತ್ತಲಿನ ನುಗ್ಗೆಮರದ ಕಡೆಗೆ ಕಳಿಸಿದೆವು. ಆ ಐದು ನಿಮಿಷ ನಡುಮನೆಯಲ್ಲಿ ಉಳಿದವರು ಏನು ಮಾಡಬೇಕು ಎಂಬುದಕ್ಕೆ ಪದ್ಧತಿಯಿಲ್ಲ. ಎಲ್ಲರೂ ಫ್ಯಾನು ನೋಡಿದೆವು. ಮರೀಗೌಡರು ಹೂದಾನಿ ನೋಡಿದರು, ಬಟ್ಟೆ ನೋಡಿದರು, ಬಟ್ಟೆಯ ಕೆಳಗೆ ಇಣುಕಿದರು.

“ಇದು ಪ್ಲೇಟ್ ಮಿಸನ್ನಲ್ವಾ ಸಾ? ನನ್ನ ಮದ್ವೇಲಿ ಮೈಕ್‌ಸೆಟ್ಟಿನೋನು ತಂದಿದ್ದ. ಓಡ್ತದಾ?” ಎಂದರು.

ನಮ್ಮವರು ನನ್ನ ಮುಖ ನೋಡಿದರು. ಬೀಗರಾಗುವವರು ಕೇಳಿದ ಮೇಲೆ ಬೇಡ ಎನ್ನುವಂತಿರಲಿಲ್ಲ. ಹೂದಾನಿ ನನ್ನ ಕೈಗೆ ಬಂತು, ಬಟ್ಟೆ ಅತ್ತಿಗೆಯ ಮಡಿಲಿಗೆ ಹೋಯಿತು, ಪ್ಲೇಟು ತಿರುಗಿತು. ನಿಧಾನದ, ಆಳದ ದನಿಯ ಗಂಡಸಿನ ಹಾಡು. ಹಿಂದೆ ಇಡೀ ವಾದ್ಯವೃಂದ ಮೋಡದ ಹಾಗೆ ಕವಿದುಕೊಂಡು ಬರುತ್ತಿತ್ತು. ಶುಭಕಾರ್ಯದ ದಿನ ಇದೇ ಆಗಬೇಕಿತ್ತೇ ಎಂದು ನಾನು ಅಣ್ಣನ ಮುಖ ನೋಡುವ ಧೈರ್ಯವಿಲ್ಲದೆ ನೆಲ ನೋಡುತ್ತಿದ್ದೆ. ಹಾಡು ಮುಗಿದು ತಲೆ ಎತ್ತಿದರೆ ಮರೀಗೌಡರು ಅಳುತ್ತಿದ್ದರು. ಸದ್ದಿಲ್ಲ. ಕಣ್ಣೀರು ಮೀಸೆಗೆ ಇಳಿದು ಅಲ್ಲಿಂದ ಕಾಫಿ ಲೋಟಕ್ಕೆ ಬೀಳುತ್ತಿತ್ತು.

“ಅತ್ಗೆ ಸತ್ತಾಗ್ಲೂ ನಮ್ಮಣ್ಣ ಅತ್ತಿರ್ನಿಲ್ಲ” ಎಂದಳು ತಂಗಿ, ಗಾಬರಿಯಿಂದ. “ಮಣ್ಣು ಮಾಡಿ ಬಂದು ಸೀದಾ ತ್ವಾಟಕ್ಕೆ ಓಗಿ ನೀರು ಕಟ್ಟಿದ.”

ಮರೀಗೌಡರು ಟವಲಿನಿಂದ ಮುಖ ಒರೆಸಿಕೊಂಡು, “ಇನ್ನೊಂದ್ ಕಿತ ಹಾಕಿ ಸಾ” ಎಂದರು.

ಇನ್ನೊಂದು ಸಲ ಹಾಕಿದರು. ಆಮೇಲೆ ಇನ್ನೊಂದು ಸಲ. ಆಮೇಲೆ ಮಗ್ಗುಲು ತಿರುಗಿಸಿ ಅದನ್ನೂ ಹಾಕಿದರು. ನಮ್ಮವರ ಮುಖದಲ್ಲಿ ಇದ್ದ ಬೆಳಕನ್ನು ನಮ್ಮ ಮದುವೆಯ ಫೋಟೋದಲ್ಲಿ ಕೂಡ ನಾನು ಕಂಡಿಲ್ಲ. ಅಳುವ ಮನುಷ್ಯನ ಎದುರಿಗೆ ಖಾರಾಬೂಂದಿ ಅಗಿಯುವುದು ಹೇಗೆಂದು ನನ್ನ ಅಣ್ಣ ಬಾಯಲ್ಲಿದ್ದದ್ದನ್ನು ಹಾಗೇ ಇಟ್ಟುಕೊಂಡು ಕೂತಿದ್ದ. ಹಿತ್ತಲಿಗೆ ಹೋದವರ ನೆನಪು ಯಾರಿಗೂ ಇರಲಿಲ್ಲ.

ಅವರು ಹೊರಟ ಮೇಲೆ ರಂಜಿತಾ ಒಳಗೆ ಬಂದು, “ಈ ಹುಡುಗ ಬೇಡ ಅತ್ತೆ” ಎಂದಳು.

ಅಣ್ಣ ಕೂಗಾಡಿದ. ಒಳ್ಳೇ ಮನೆತನ, ಆ ಯಜಮಾನರ ಮನಸ್ಸು ಎಂಥದ್ದು ನೋಡಿದೆಯಲ್ಲ ಎಂದ. ಅವಳು ಅವನು ಮುಗಿಸುವವರೆಗೆ ಕಾದು ಹೇಳಿದಳು. “ಯಜಮಾನ್ರು ಒಳ್ಳೇವ್ರೇ ಇರ್ಬೋದು ಕಣಪ್ಪ, ನಾನು ಅವ್ರನ್ನ ಮದ್ವೆ ಆಗ್ತೀನಾ? ಮೊದ್ಲು ಐದು ನಿಮಿಷ ಇವ್ನೂ ಚೆಂದಾಗೇ ಮಾತಾಡ್ದ. ಕೆಲ್ಸ ಮಾಡ್ಕೊಂಡಿರು, ನನ್ನದೇನೂ ಇಲ್ಲ ಅಂದ. ಅಷ್ಟೊತ್ತಿಗೆ ನೀವು ಕರೆದಿದ್ರೆ ಹೂಂ ಅಂದ್ಬುಡ್ತಿದ್ದೆ. ನೀವು ಕರೀಲೇ ಇಲ್ಲ. ಬಾಯಿಪಾಠ ಮಾಡ್ಕೊಂಡ್ ಬಂದಿದ್ದು ಮುಗ್ದೋಯ್ತು, ಆಮೇಲೆ ಒಳಗಿರೋದು ಒಂದೊಂದೇ ಬಂತು. ಮದ್ವೆ ಆದ ವರ್ಷಕ್ಕೆ ಕೆಲ್ಸ ಬುಡ್ಬೇಕಂತೆ. ನೈಟ್ ಡ್ಯೂಟಿ ಮಾಡೋ ಹೆಂಗಸರು ಎಂಥವರು ಅಂತ ಅವ್ನಿಗೆ ಗೊತ್ತಂತೆ. ನನ್ನ ಫೋನ್ ಇಸ್ಕೊಂಡು ಯಾರ್ಯಾರ ನಂಬರ್ ಅವೆ ಅಂತ ನೋಡ್ದ.”

ಅಣ್ಣನ ದನಿ ಇಳಿಯಿತು. ಅತ್ತಿಗೆ ಮಗಳನ್ನು ಪಕ್ಕಕ್ಕೆ ಎಳೆದು ಕೂರಿಸಿಕೊಂಡಳು. ಆಮೇಲೆ ನಮ್ಮವರು ಎದ್ದು ಮೆಷಿನ್ನಿನ ಮೇಲೆ ಬಟ್ಟೆ ಮುಚ್ಚುತ್ತ, “ಹಾಡು ಉದ್ದ ಇದ್ದಿದ್ದು ಒಳ್ಳೇದೇ ಆಯ್ತು” ಎಂದರು. ಬಹಳ ದಿನದಿಂದ ಕಾದಿಟ್ಟ ಮಾತಿನ ಹಾಗೆ ಹೇಳಿದರು. ಬೇರೆ ದಿನವಾಗಿದ್ದರೆ ಜಗಳ ತೆಗೆಯುತ್ತಿದ್ದೆ. ಅವತ್ತು ಹೂದಾನಿಯನ್ನು ನಾನೇ ಎತ್ತಿ ಅದರ ಮೇಲಿಟ್ಟೆ.

ಸಂಬಂಧ ಬೇಡವೆಂದು ಹೇಳಿ ಕಳಿಸಿದೆವು. ಒಂದೆರಡು ವಾರ ಕಳೆದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಗೇಟಿನಲ್ಲಿ ಮರೀಗೌಡರು ನಿಂತಿದ್ದರು. ಒಬ್ಬರೇ. ಹೆಗಲ ಮೇಲೆ ಒಂದು ಚೀಲ. ಜಗಳಕ್ಕೇ ಬಂದಿದ್ದಾರೆ ಎಂದು ನಾನು ರಂಜಿತಾಳನ್ನು ಒಳಗೆ ಕಳಿಸಿ, ನಮ್ಮವರನ್ನು ಮುಂದೆ ಬಿಟ್ಟೆ. ಮರೀಗೌಡರು ಚೀಲವನ್ನು ಜಗಲಿಯ ಮೇಲೆ ಸುರಿದರು. ತೆಂಗಿನಕಾಯಿ.

“ಉಡುಗಿ ಒಪ್ನಿಲ್ಲ, ಅದು ಅವ್ಳ ಇಷ್ಟ ಸಾ. ನನ್ನ ಮಗ ಎಂಥವ್ನು ಅಂತ ನನಗೂ ಗೊತ್ತು” ಎಂದರು. “ಸಂಬಂಧ ಆಗ್ನಿಲ್ಲ ಅಂತ ಆಡೂ ಕೇಳ್ಬಾರ್ದಾ?”

ಅಂದಿನಿಂದ ಭಾನುವಾರ ನಮ್ಮ ನಡುಮನೆಯಲ್ಲಿ ಎರಡು ಕುರ್ಚಿ, ಎರಡು ಜೊತೆ ಮುಚ್ಚಿದ ಕಣ್ಣು. ನಾಗಮಂಗಲದಿಂದ ಮೊದಲ ಬಸ್ಸಿಗೆ ಬಂದು, ತಿಂಡಿ ತಿಂದು, ಅತ್ತು, ಮಧ್ಯಾಹ್ನದ ಬಸ್ಸಿಗೆ ಹೋಗುತ್ತಿದ್ದರು. ನಾನು ಶಾಲೆಯಲ್ಲಿ ಈ ಕಥೆಯನ್ನು ಅಭಿನಯಿಸಿ ತೋರಿಸಿ ಸ್ಟಾಫ್ ರೂಮನ್ನು ನಗಿಸುತ್ತಿದ್ದೆ. ನಗಿಸುವುದು ನನಗೆ ಸುಲಭ. ಅಳುವವರ ಪಕ್ಕದಲ್ಲಿ ಕೂರುವುದು ಅಭ್ಯಾಸವಿಲ್ಲ.

ಒಂದು ಭಾನುವಾರ ಮರೀಗೌಡರು ಪ್ಲೇಟಿನ ರಟ್ಟಿನ ಹೊದಿಕೆಯೊಳಗಿಂದ ಒಂದು ಹಾಳೆ ತೆಗೆದು ನನ್ನ ಮುಂದೆ ಹಿಡಿದರು. “ಮೇಡಂ, ಇದ್ರಲ್ಲಿ ಇಂಗ್ಲಿಸ್‌ನಲ್ಲಿ ಬರೆದವ್ರೆ. ನಾನು ಅತ್ತ ಆಡು ಇದೇ ತಾನೆ? ಅದ್ರಲ್ಲಿ ಏನ್ ಏಳ್ತಾವ್ನೆ ಅಂತ ವಸಿ ಓದಿ ಏಳಿ. ನನ್ನ ಎಂಡ್ರು ತೀರ್ಕಂಡ್ಮೇಲೆ ನನಗೆ ಏನಾಗೈತೆ ಅಂತ ನನಗೇ ಏಳಕ್ಕೆ ಬರಕಿಲ್ಲ. ಅವ್ನು ಏಳ್ತಾವ್ನೆ ಅನ್ಸ್ತದೆ.”

ನಾನು ಕನ್ನಡಕ ಹಾಕಿಕೊಂಡು ಓದಿದೆ. ಆ ಹಾಡಿನಲ್ಲಿ ಒಬ್ಬ ಮನುಷ್ಯನಿಗೆ ನಿದ್ದೆ ಬರುವುದಿಲ್ಲ. ಕಾರಣ, ಪಕ್ಕದ ಮನೆಯವನು ಸಾಕಿದ ಬಾತುಕೋಳಿಗಳು. ಮೊದಲ ಚರಣದಲ್ಲಿ ಅವು ಕೂಗುತ್ತವೆ. ಎರಡನೆಯದರಲ್ಲಿ ಇವನು ಕಿಟಕಿ ಮುಚ್ಚುತ್ತಾನೆ, ಅವು ಇನ್ನೂ ಜೋರಾಗಿ ಕೂಗುತ್ತವೆ. ಮೂರನೆಯದರಲ್ಲಿ ಅವುಗಳಲ್ಲಿ ಒಂದನ್ನು ಈರುಳ್ಳಿ ಹಾಕಿ ಬೇಯಿಸಬೇಕೆಂದು ಹಂಬಲಿಸುತ್ತಾನೆ. ಇಂಥ ಹಾಡಿಗೆ ಇಷ್ಟು ಗಂಭೀರವಾದ ಶೋಕದ ರಾಗ ಹಾಕಿದ್ದೇ ಇದರ ಹಾಸ್ಯ ಎಂದು ಕೆಳಗೆ ಸಣ್ಣಕ್ಷರದಲ್ಲಿ ವಿವರಣೆಯೂ ಇತ್ತು.

ಇದನ್ನು ಓದಿದಾಗ ನನಗೆ ನಗು ಬರಬೇಕಿತ್ತು. ಸ್ಟಾಫ್ ರೂಮಿಗೆ ಒಂದು ವರ್ಷಕ್ಕಾಗುವಷ್ಟು ಸರಕು ಅದು. ಆದರೆ ಮರೀಗೌಡರು ಟವಲನ್ನು ಮಡಿಲಲ್ಲಿ ಇಟ್ಟುಕೊಂಡು ತೀರ್ಪು ಕೇಳುವವರ ಹಾಗೆ ಕೂತಿದ್ದರು. ನಾನು ಹಾಳೆಯ ಮೇಲೆ ಬೆರಳಿಟ್ಟೆ. ಬಾಯಿ ತಾನಾಗಿ ಶುರು ಮಾಡಿತು.

“ಅವನು ಹೇಳ್ತಾನೆ… ತೋಟಕ್ಕೆ ನೀರು ಹಾಯಿಸಿ ಬಂದೆ, ಮನೆಯಲ್ಲಿ ದೀಪ ಹಚ್ಚಿರಲಿಲ್ಲ. ಯಾಕೆ ಹಚ್ಚಿಲ್ಲ ಅಂತ ಗದರೋದಕ್ಕೆ ಬಾಯಿ ತೆಗೆದೆ. ಗದರಿಸಿಕೊಳ್ಳೋಕೆ ಅವಳಿರಲಿಲ್ಲ. ಈಗ ದೀಪ ನಾನೇ ಹಚ್ಚಿಕೊಳ್ತೀನಿ. ಗದರೋದಕ್ಕೆ ಯಾರನ್ನು ತರಲಿ?”

ಮರೀಗೌಡರು ಈ ಸಲ ಸದ್ದು ಮಾಡಿ ಅತ್ತರು. ಆಮೇಲೆ ಮುಖ ತೊಳೆದು ಬಂದು ಎರಡು ತಟ್ಟೆ ಇಡ್ಲಿ ತಿಂದರು. “ಆ ಜರ್ಮನಿಯೋನ್ಗೆ ಎಂಗೆ ಗೊತ್ತಾಯ್ತು ಮೇಡಂ, ನಮ್ಮ ಮನೇದು” ಎಂದರು. ಮನುಷ್ಯರೆಲ್ಲ ಒಂದೇ ಅಲ್ಲವಾ ಎಂಬಂಥದ್ದೇನೋ ಹೇಳಿ ನಾನು ಚಟ್ನಿ ತರಲು ಎದ್ದೆ.

ಸುಳ್ಳಿನ ಕಷ್ಟವೆಂದರೆ ಅದು ಒಂದಕ್ಕೆ ನಿಲ್ಲುವುದಿಲ್ಲ. ಪೆಟ್ಟಿಗೆಯಲ್ಲಿ ಇನ್ನೂ ಬೇಕಾದಷ್ಟು ಪ್ಲೇಟುಗಳಿವೆ. ಪ್ರತಿ ಭಾನುವಾರ ಮರೀಗೌಡರು ಹೊಸ ಹಾಳೆ ಹಿಡಿದು ಬರುತ್ತಾರೆ. ಬರೆದದ್ದನ್ನು ಬರೆದ ಹಾಗೇ ಓದಿದರೆ ಬರೀ ಗುಲಾಬಿ, ಬೆಳದಿಂಗಳು, ದೇವದೂತರು. ಅದು ಅವರಿಗೆ ಹಿಡಿಸುವುದಿಲ್ಲ. “ಈ ವಾರದ ಕವಿ ವಸಿ ಸಪ್ಪೆ” ಎನ್ನುತ್ತಾರೆ. ಹಾಗಾಗಿ ನಾನು ಶನಿವಾರದಿಂದಲೇ ಸಾರಿಗೆ ಒಗ್ಗರಣೆ ಹಾಕುತ್ತ ಸಾಲು ಹೊಂದಿಸಿಕೊಳ್ಳುತ್ತೇನೆ. ಒಂದು ಪದ ಸರಿ ಕೂರದಿದ್ದರೆ ಸಾಸಿವೆ ಸೀದುಹೋಗುತ್ತದೆ.

ಹೋದ ಭಾನುವಾರ ಮರೀಗೌಡರನ್ನು ಬಸ್ಸು ಹತ್ತಿಸಿ ಬಂದ ನಮ್ಮವರು ಕುರ್ಚಿಯಲ್ಲಿ ಕೂತು, ನಾನು ಅವತ್ತು ಹೇಳಿದ್ದ ಸಾಲುಗಳನ್ನೇ ಮೆಲ್ಲಗೆ ಇನ್ನೊಮ್ಮೆ ಹೇಳಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, ಬೈಯುವ ದನಿಯಲ್ಲಲ್ಲ, ಮರುಕದ ದನಿಯಲ್ಲಿ ಹೇಳಿದರು. “ನೋಡು ಪ್ರಭಾ, ಕವಿಗಳು ಅಂದ್ರೆ ಅವರು. ನೀನೂ ಇಷ್ಟು ವರ್ಷದಿಂದ ಕನ್ನಡ ಪಾಠ ಮಾಡ್ತಿದ್ದೀಯ, ಅಂಥದ್ದೊಂದು ಸಾಲು ನಿನ್ನ ಕೈಲಿ ಬರೆಯೋಕಾಯ್ತಾ?”

ಇಲ್ಲ ಎಂದೆ. ಇನ್ನೇನು ಹೇಳಲಿ.